ಕಂಪ್ಯೂಟರಿಗೆ ಕನ್ನಡ, ನಮಗೆ ಬಿರುದು

ನನ್ನ ಹೆಸರಿನ ಹಿಂದೆ ‘ಪ್ರೊ.’ ಎಂದು ಅಚ್ಚಾಗಿರದ ಆಹ್ವಾನ ಪತ್ರಿಕೆಯನ್ನು ನಾನು ಪೂರ್ತಿ ಓದುವುದಿಲ್ಲ. ಇದನ್ನು ಇದುವರೆಗೆ ಯಾರ ಮುಂದೆಯೂ ಒಪ್ಪಿಕೊಂಡವನಲ್ಲ. ನಿಮ್ಮ ಹತ್ತಿರ ಎಂಥ ಮುಚ್ಚುಮರೆ ಎಂದು ಹೇಳುತ್ತಿದ್ದೇನೆ. ನಿಜಕ್ಕೂ ನಾನು ಪ್ರೊಫೆಸರನಲ್ಲ. ಮೊದಲು ಭರಮಸಾಗರದಲ್ಲಿ, ಆಮೇಲೆ ಹಿರಿಯೂರಿನಲ್ಲಿ ಜೂನಿಯರ್ ಕಾಲೇಜಿನ ಹುಡುಗರಿಗೆ ಕನ್ನಡ ಹೇಳಿಕೊಟ್ಟ ಉಪನ್ಯಾಸಕ. ಯಾರೋ ಪುಣ್ಯಾತ್ಮರು ಒಮ್ಮೆ ಗಣೇಶೋತ್ಸವದ ಕರಪತ್ರದಲ್ಲಿ ನನ್ನನ್ನು ಪ್ರೊಫೆಸರ್ ಮಾಡಿದರು. ಕಂಡವರ ಬರಹವನ್ನೆಲ್ಲ ತಿದ್ದುವುದೇ ಕಸುಬಾಗಿದ್ದ ನಾನು ಆ ತಪ್ಪೊಂದನ್ನು ಮಾತ್ರ ತಿದ್ದಲಿಲ್ಲ. ಅಲ್ಲಿಂದೀಚೆಗೆ ಅದು ನನಗೆ ಅಂಟಿಕೊಂಡಿತು, ನಾನೂ ಅದಕ್ಕೆ ಅಂಟಿಕೊಂಡೆ.

ನಮ್ಮ ಕಡೆಯ ಆಹ್ವಾನ ಪತ್ರಿಕೆಗಳನ್ನು ನೀವು ನೋಡಬೇಕು. ಮೇಲ್ಗಡೆ ದಿವ್ಯ ಸಾನ್ನಿಧ್ಯ, ಅದರ ಕೆಳಗೆ ಘನ ಅಧ್ಯಕ್ಷತೆ, ಆಮೇಲೆ ಉದ್ಘಾಟನೆ, ಜ್ಯೋತಿ ಬೆಳಗಿಸುವವರು, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಯಾರ ಹೆಸರು ಬಿಟ್ಟುಹೋದರೂ ಮುಂದಿನ ವರ್ಷದ ಚಂದಾ ಬಿಟ್ಟುಹೋಗುತ್ತದೆಂಬ ಭಯದಿಂದ ಊರಿನ ಅರ್ಧ ಜನ ಅದರಲ್ಲಿ ಇರುತ್ತಾರೆ. ನಾನೇ ಒಮ್ಮೆ ‘ಗೌರವ ಉಪಸ್ಥಿತಿ’ಯಲ್ಲಿ ಕೂತಿದ್ದೆ. ಮೂರು ಗಂಟೆ ಗೌರವದಿಂದ ಉಪಸ್ಥಿತನಾಗಿದ್ದು, ಶಾಲು ಹೊದ್ದುಕೊಂಡು ಮನೆಗೆ ಬಂದೆ. ಶಾಮಿಯಾನ ಕಟ್ಟಿದವರ ಹೆಸರು, ಮೈಕು ಸರಿಮಾಡಿದವರ ಹೆಸರು, ಬಂದವರಿಗೆಲ್ಲ ಉಪ್ಪಿಟ್ಟು ಮಾಡಿದವರ ಹೆಸರು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಆಗ ನನಗೆ ಅದು ವಿಚಿತ್ರ ಅನ್ನಿಸಲೂ ಇಲ್ಲ.

ಹೀಗಿದ್ದ ನಾನು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸಕ್ಕೆ ಸೇರಿಕೊಂಡೆ. ಸೇರಿಸಿದವಳು ಮಂಜುಳಾ. ಭರಮಸಾಗರದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆಗ ಚಿತ್ರದುರ್ಗದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆ, ಪಹಣಿ ಅರ್ಜಿ, ಪ್ರಬಂಧ ಎಲ್ಲವನ್ನೂ ಕೀಲಿಮಣೆಯಲ್ಲಿ ಕೀಲಿಸುತ್ತಿದ್ದಳು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯೊಂದನ್ನು ಅಂಗಡಿಯ ಹಳೇ ಕಂಪ್ಯೂಟರಿಗೆ ತಾನೇ ಹಾಕಿ ನೋಡಿದ್ದಳು. ಅದರಲ್ಲಿದ್ದುದು ಮುಕ್ತ ತಂತ್ರಾಂಶ. ಅಂದರೆ ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಲೋಕದ ಮೂಲೆಮೂಲೆಯ ಜನ ತಮ್ಮ ಪುರುಸೊತ್ತಿನಲ್ಲಿ ಕೂತು ಅದನ್ನು ಕಟ್ಟುತ್ತಾರೆ, ತಮ್ಮ ತಮ್ಮ ಭಾಷೆಗೆ ತಿರುಗಿಸಿಕೊಳ್ಳುತ್ತಾರೆ. “ಸಾರ್, ಇದ್ರಾಗೆ ತಮಿಳು ಐತೆ, ತೆಲುಗು ಐತೆ, ನಮ್ದು ಅರ್ಧಂಬರ್ಧ ಐತೆ. ಪದಗಳು ಬೇಕು, ಬರ್ರಿ” ಎಂದು ಕರೆದಳು. ಪದಗಳು ಬೇಕು ಎಂದರೆ ನಾನು ಎಲ್ಲಿಗಾದರೂ ಹೋಗುವವನೇ.

ಮೂರನೆಯವರು ತಿಪ್ಪೇಸ್ವಾಮಿಯವರು. ಹೊಳಲ್ಕೆರೆಯಲ್ಲಿ ಅಚ್ಚುಕೂಟ ನಡೆಸುತ್ತಾರೆ. ಮೇಲೆ ಹೇಳಿದ ಆಹ್ವಾನ ಪತ್ರಿಕೆಗಳಲ್ಲಿ ಮುಕ್ಕಾಲು ಪಾಲು ಅವರ ಯಂತ್ರದಿಂದಲೇ ಇಳಿದವು. ಕನ್ನಡವೆಂದರೆ ಪ್ರಾಣ, ಸಭೆಯೆಂದರೆ ಇನ್ನೂ ಪ್ರಾಣ. ಹೊಸದುರ್ಗದಿಂದ ಇಬ್ಬರು ಶಿಕ್ಷಕರು ಆಗೀಗ ಪದಪಟ್ಟಿ ಕಳಿಸುತ್ತಿದ್ದರು, ಅಷ್ಟೆ. ಭಾನುವಾರ ಡಿ.ಟಿ.ಪಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ನಾವು ಮೂವರೂ ಕೂರುತ್ತಿದ್ದೆವು. ನಾನು ಹಿರಿಯೂರಿನಿಂದ ಬಸ್ಸಿನಲ್ಲಿ ಫ್ಲಾಪಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದೆ. ಅದು ಬಾಗಿದರೆ ಕನ್ನಡವೇ ಬಾಗುತ್ತದೆಂಬಂತೆ ದಾರಿಯುದ್ದಕ್ಕೂ ಎದೆಯ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದೆ.

ಕೆಲಸ ಹೀಗಿತ್ತು. ಕಂಪ್ಯೂಟರು ಆಡುವ ಸಾವಿರಾರು ಸಣ್ಣ ಮಾತುಗಳು ಒಂದು ಕಡತದಲ್ಲಿ ಇಂಗ್ಲಿಷಿನಲ್ಲಿ ಸಾಲಾಗಿರುತ್ತವೆ: ತೆರೆ, ಉಳಿಸು, ಅಳಿಸಬೇಕೆ, ಖಂಡಿತವೇ. ಪ್ರತಿ ಸಾಲಿನ ಕೆಳಗೆ ನಾವು ಕನ್ನಡ ಬರೆಯಬೇಕು. ನಾನು ಹಾಳೆಯ ಮೇಲೆ ಬರೆದದ್ದನ್ನೂ ಫ್ಲಾಪಿಯಲ್ಲಿ ತಂದದ್ದನ್ನೂ ಹೊಸದುರ್ಗದಿಂದ ಬಂದದ್ದನ್ನೂ ಮಂಜುಳಾ ಒಂದುಗೂಡಿಸಿ, ಓಡಿಸಿ ನೋಡಿ, ಈಮೇಲಿನಲ್ಲಿ ಬೇರೆ ಊರಿನ ಒಬ್ಬ ಸ್ವಯಂಸೇವಕರಿಗೆ ಕಳಿಸುತ್ತಿದ್ದಳು. ಅವರು ಅದನ್ನು ಮೂಲ ತಂತ್ರಾಂಶಕ್ಕೆ ಸೇರಿಸುತ್ತಿದ್ದರು. ಒಂದು ದಿನ ಅವರಿಂದ ಪತ್ರ ಬಂತು. ತಮಗೆ ಇನ್ನು ಪುರುಸೊತ್ತಿಲ್ಲ, ಕನ್ನಡದ ಹೊಣೆಯನ್ನು ನಿಮಗೇ ಒಪ್ಪಿಸುತ್ತೇನೆ, ತಂಡದ ಮುಂದಾಳಿನ ಹೆಸರನ್ನೂ ಅವರನ್ನು ಏನೆಂದು ಕರೆಯಬೇಕೆಂಬುದನ್ನೂ ತಿಂಗಳೊಳಗೆ ತಿಳಿಸಿ ಎಂದು ಬರೆದಿದ್ದರು. ಆ ಹೆಸರಿನವರ ಕೈಗೆ ಬೀಗದ ಕೈ ಹೋಗುತ್ತದೆ. ಅವರು ಸರಿ ಎಂದದ್ದಷ್ಟೇ ಒಳಗೆ ಸೇರುತ್ತದೆ.

ನಾವು ಬೀಗದ ಕೈಯ ಮಾತನ್ನು ಬಿಟ್ಟು ಬಿರುದಿನ ಮಾತನ್ನು ಹಿಡಿದುಕೊಂಡೆವು.

ಹೊರಗಡೆ ಇಂಥವರನ್ನು ಏನೆನ್ನುತ್ತಾರೆ ಎಂದು ತಿಪ್ಪೇಸ್ವಾಮಿಯವರು ಕೇಳಿದರು. ಕೆಲವು ದೊಡ್ಡ ಯೋಜನೆಗಳಲ್ಲಿ ಮೊದಲು ಶುರುಮಾಡಿದವರನ್ನು ತಮಾಷೆಗೆ ‘ದಯಾಳುವಾದ ಆಜೀವ ಸರ್ವಾಧಿಕಾರಿ’ ಅನ್ನುತ್ತಾರೆ ಎಂದು ಮಂಜುಳಾ ಹೇಳಿದಳು. ತಿಪ್ಪೇಸ್ವಾಮಿಯವರ ಮುಖ ಅರಳಿತು. “ಮೇಷ್ಟ್ರೇ, ಇದು ಭೇಷಾಗೈತಲ್ರಿ! ದಪ್ಪಕ್ಷರದಾಗೆ ಹಾಕಿದ್ರೆ ಒಂದ್ ಸಾಲು ಪೂರ್ತಿ ಬರ್ತೈತೆ” ಎಂದರು. ನಾನು ಸುಮ್ಮನಿರಬೇಕಿತ್ತು. ಹಳೆಯ ಶಾಸನಗಳ ಕಾಲದಲ್ಲಿ ಸರ್ವಾಧಿಕಾರಿ ಎಂಬುದು ಮರ್ಯಾದೆಯ ಹುದ್ದೆಯೇ ಆಗಿತ್ತೆಂದೂ, ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡದ್ದು ಆಮೇಲೆಂದೂ ಅರ್ಧ ಗಂಟೆ ಕೊರೆದೆ. ನಮ್ಮ ರಾಜರು, ಪಾಳೆಯಗಾರರು ಬಿರುದುಗಳನ್ನು ಹೇಗೆ ಪೇರಿಸಿಕೊಳ್ಳುತ್ತಿದ್ದರೆಂದು ಹೇಳಿದೆ. ‘ಬಿರುದೆಂತೆಂಬರ ಗಂಡ’ ಎಂಬುದೊಂದು ಬಿರುದೇ ಇತ್ತು, ಅಂದರೆ ತನಗೆ ಬಿರುದಿದೆ ಎನ್ನುವವರನ್ನೆಲ್ಲ ಬಗ್ಗುಬಡಿಯುವವನು ಎಂದು ವಿವರಿಸಿದೆ. ಮಂಜುಳಾ ಅಷ್ಟರಲ್ಲಿ ಎರಡು ಕಡತ ಮುಗಿಸಿದ್ದಳು.

ಒಂದೊಂದೇ ಪದವನ್ನು ಎತ್ತಿ ನೋಡಿದೆವು. ಅಧ್ಯಕ್ಷ ಎಂದರೆ ಹಾರ ನೆನಪಾಗುತ್ತದೆ, ಕೆಲಸ ನೆನಪಾಗುವುದಿಲ್ಲ. ನಾಯಕ ಎಂಬ ಪದವನ್ನು ಕೋಟೆಯ ಬುಡದಲ್ಲಿ ಕೂತು ಹಗುರವಾಗಿ ಹಂಚುವಂತಿಲ್ಲ. ಯಜಮಾನ ಎಂದರೆ ಹೇಗೆ ಎಂದು ಮನೆಯಲ್ಲಿ ಕೇಳಿದ್ದಕ್ಕೆ ನನ್ನ ಹೆಂಡತಿ, “ಮೊದ್ಲು ಮನೇದು ನಿಭಾಯಿಸ್ರಿ” ಎಂದಿದ್ದಳು. ಒಡೆಯ, ದಣಿ ಎಂಬ ಪದಗಳನ್ನು ನಾನೇ ಬೇಡವೆಂದೆ. ಒಬ್ಬನನ್ನು ದಣಿ ಎಂದ ಕೂಡಲೇ ಎದುರಿಗಿದ್ದವನು ಆಳಾಗಿಬಿಡುತ್ತಾನೆ. ಸಂಬಳವಿಲ್ಲದೆ, ಪ್ರೀತಿಗಾಗಿ ಬಂದು ದುಡಿಯುವವರ ನಡುವೆ ಅಂಥ ಪದ ಬರಬಾರದು. ಒಬ್ಬರಿಗೆ ಕೊಟ್ಟ ಗೌರವ ಇನ್ನೊಬ್ಬರ ಕತ್ತು ಬಗ್ಗಿಸಬಾರದೆಂದು ನಾನು ಆ ದಿನ ಬಹಳ ಚೆನ್ನಾಗಿ ಮಾತಾಡಿದೆ. ಮಾತಾಡುವುದು ನನಗೆ ಮೊದಲಿನಿಂದಲೂ ಸುಲಭ.

ಏನೂ ತೀರ್ಮಾನವಾಗಲಿಲ್ಲ. ಅಷ್ಟರಲ್ಲಿ ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಮ್ಮ ಕನ್ನಡ ಕಂಪ್ಯೂಟರಿನ ಪ್ರದರ್ಶನ ಏರ್ಪಾಡಾಯಿತು. ತಿಪ್ಪೇಸ್ವಾಮಿಯವರು ಕಾಯಲಿಲ್ಲ, ಆಹ್ವಾನ ಪತ್ರಿಕೆ ಹೊಡೆದೇಬಿಟ್ಟರು. ಗೌರವಾಧ್ಯಕ್ಷರು ಅವರು. ಪ್ರಧಾನ ಭಾಷಾ ಸಲಹೆಗಾರರು ಪ್ರೊ. ನಾನು. ಎಲ್ಲಕ್ಕಿಂತ ಕೆಳಗೆ, ಅಚ್ಚುಕೂಟದ ವಿಳಾಸಕ್ಕಿಂತ ಒಂದು ಸಾಲು ಮೇಲೆ, ‘ಬೆರಳಚ್ಚು: ಕು. ಮಂಜುಳಾ’. ಅವಳು ಅದನ್ನು ಓದಿ ಮಡಿಸಿ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಳು. ನಾನು ನನ್ನ ಸಾಲನ್ನು ಓದಿಕೊಂಡೆ.

ಇಲ್ಲಿ ನನ್ನ ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ಕಡತಗಳನ್ನು ಅಳಿಸುವ ಭಾಗವನ್ನು ಕನ್ನಡಕ್ಕೆ ತಂದವನು ನಾನು. ಮೂಲದಲ್ಲಿ ಒಂದು ಪ್ರಶ್ನೆಯ ನಡುವೆ ಶೇಕಡಾ ಗುರುತು, ಅದರ ಪಕ್ಕದಲ್ಲೊಂದು ಇಂಗ್ಲಿಷ್ ಅಕ್ಷರ ಇತ್ತು. ಆ ಜಾಗದಲ್ಲಿ ಕಂಪ್ಯೂಟರು ತಾನಾಗಿ ಕಡತದ ಹೆಸರನ್ನು ತುಂಬಿಕೊಳ್ಳುತ್ತದೆ. ಆ ಗುರುತನ್ನು ಹಾಗೆಯೇ ಉಳಿಸಬೇಕು. ಇದು ನನಗೆ ತಿಳಿದಿರಲಿಲ್ಲ. ಎಷ್ಟು ಶೇಕಡಾ ಎಂದು ಹೇಳದೆ ಬಿಟ್ಟಿದ್ದಾರಲ್ಲ, ಈ ಪರದೇಶದವರಿಗೆ ಬರವಣಿಗೆಯ ಶಿಸ್ತೇ ಇಲ್ಲ ಎಂದು ಬೈದುಕೊಂಡು, ಅಳಿಸುವುದೆಂದರೆ ಪೂರ್ತಿ ಅಳಿಸುವುದೇ ತಾನೆ ಎಂದು ಊಹಿಸಿ, ‘ಶೇಕಡಾ ನೂರರಷ್ಟು ಅಳಿಸಬೇಕೆ?’ ಎಂದು ಬರೆದೆ. ವಾಕ್ಯ ಒಳ್ಳೇ ಗಂಭೀರವಾಗಿ ಬಂದಿದೆ ಎಂದು ಸಂತೋಷವೂ ಆಯಿತು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿಗಳು ಕನ್ನಡದಲ್ಲಿ ನಾಲ್ಕು ಸಾಲಿನ ಶುಭಾಶಯವನ್ನು ಒಂದೇ ಬೆರಳಿನಲ್ಲಿ ಕೀಲಿಸಿ ಉಳಿಸಿದರು. ಚಪ್ಪಾಳೆ ಬಿತ್ತು. ಈಗ ಬೇಡದ ಕಡತವನ್ನು ಅಳಿಸುವುದು ಹೇಗೆಂದು ತೋರಿಸಬೇಕಿತ್ತು. ಪಕ್ಕದಲ್ಲಿದ್ದ ಖಾಲಿ ಕಡತದ ಬದಲು ಅವರು ತಮ್ಮದನ್ನೇ ಒತ್ತಿದರು. ಹೆಸರು ಕಾಣಿಸಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ಕಂಡದ್ದು ನನ್ನ ಗಂಭೀರ ವಾಕ್ಯ. ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿ, “ಶೇಕಡಾ ನೂರು! ಆಗಲಿ” ಎಂದು ‘ಹೌದು’ ಒತ್ತಿದರು. ಶುಭಾಶಯ ಶೇಕಡಾ ನೂರರಷ್ಟು ಹೋಯಿತು. ಹಿಂದಿನ ಸಾಲಿನಲ್ಲಿ ಶುರುವಾದ ನಗು ಮುಂದಿನ ಸಾಲಿಗೆ ಬರಲು ಹೊತ್ತು ಹಿಡಿಯಲಿಲ್ಲ. ಅತಿಥಿಗಳು ಕೆಂಪಗಾದರು, ತಿಪ್ಪೇಸ್ವಾಮಿಯವರು ಬೆಳ್ಳಗಾದರು.

“ಯಾರಮ್ಮ ಇದನ್ನ ಮಾಡಿದ್ದು?” ಎಂದು ಅತಿಥಿಗಳು ಕೇಳಿದರು. ಯಂತ್ರದ ಪಕ್ಕದಲ್ಲಿ ನಿಂತಿದ್ದವಳು ಮಂಜುಳಾ. ಒಂದು ಸಲ ನನ್ನ ಕಡೆ ನೋಡಿದಳು. ನೋಡಿ, “ನನ್ ಕಡೆಯಿಂದ ತಪ್ಪಾಗೈತೆ ಸಾರ್” ಎಂದಳು. ವೇದಿಕೆಯ ಮೇಲೆ ಪ್ರಧಾನ ಭಾಷಾ ಸಲಹೆಗಾರನಾಗಿ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಆ ಹೊತ್ತಿಗೆ ಅದು ನನ್ನ ವಾಕ್ಯವೆಂಬುದಷ್ಟೇ ನನಗೆ ಗೊತ್ತಿತ್ತು, ತಪ್ಪು ಎಲ್ಲಿದೆಯೆಂದು ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವಳು ನೋಡಿದ ಆ ನೋಟದಲ್ಲೇ ಎಲ್ಲವೂ ಗೊತ್ತಾಗಿತ್ತು. ಇಷ್ಟು ವರ್ಷವಾದರೂ ಆ ಸುಮ್ಮನಿರುವಿಕೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳನ್ನು ಹಿಡಿದು, ಇದನ್ನು ಮೊದಲೇ ನೋಡಿರಲಿಲ್ಲವೇ ಎಂದು ಕೇಳಿದೆ.

“ನೋಡಿದ್ದೆ ಸಾರ್.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮಗೆ ಹೆಂಗ್ ಹೇಳಾದು ಸಾರ್? ಮುಂಚೆ ಒಂದೆರಡು ಕಡೆ ನಾನೇ ತಿದ್ದಿದ್ದೆ. ನೀವು ಬರೆದಿದ್ದನ್ನ ಯಾರೋ ಮುಟ್ಟಿದಾರೆ ಅಂತ ಬೇಜಾರ್ ಮಾಡ್ಕಂಡ್ರಿ. ಅವತ್ತಿಂದ ನಿಮ್ದು ನಾನು ಮುಟ್ಟಲ್ಲ.”

ಅದು ನಿಜ. ಎರಡು ತಿಂಗಳ ಹಿಂದೆ ನನ್ನ ಒಂದು ಪದ ಬದಲಾದದ್ದನ್ನು ಕಂಡು ನಾನು ಒಂದು ಭಾನುವಾರ ಪೂರ್ತಿ ಗಂಟುಮುಖ ಹಾಕಿಕೊಂಡಿದ್ದೆ. ನಮ್ಮ ಕಡೆ ಹಿರಿಯರ ತಪ್ಪನ್ನು ಎದುರಿಗೆ ಹೇಳುವ ರೂಢಿಯಿಲ್ಲ. ಮೇಷ್ಟ್ರು ಸಾರಿಗೆ ಉಪ್ಪು ಜಾಸ್ತಿ ಹಾಕಿಕೊಂಡರೂ ಶಿಷ್ಯರು ನೀರು ಕುಡಿದು ಸುಮ್ಮನಾಗುತ್ತಾರೆ. ಈ ಮರ್ಯಾದೆಯಲ್ಲಿ ಪ್ರೀತಿಯೂ ಇದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಪಡೆದುಕೊಂಡು ಹಾಯಾಗಿದ್ದವನು ನಾನು, ಅದರ ಭಾರ ಹೊತ್ತವಳು ಅವಳು.

ಮುಂದಿನ ಭಾನುವಾರ ಸ್ವಯಂಸೇವಕರ ಪತ್ರಕ್ಕೆ ಉತ್ತರ ಬರೆಯಲು ಕೊನೆಯ ದಿನ. ತಿಪ್ಪೇಸ್ವಾಮಿಯವರು ತೀರ್ಮಾನಿಸಿಕೊಂಡೇ ಬಂದಿದ್ದರು. ಮಂಜುಳಾ ಒಳಗೆ ಪ್ರಿಂಟರಿನ ಹತ್ತಿರ ಇದ್ದಾಗ ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ಮುಂದಾಳು ನೀವೇ ಆಗ್ರಿ. ಆ ಹುಡುಗಿ ಒಳ್ಳೇದೇ, ಆದ್ರೆ ಅವತ್ತು ಮಾನ ಹೋಯ್ತು ನೋಡ್ರಿ. ಟೈಪು ಮಾಡ್ಕಂಡಿರ್ಲಿ, ನೋಡೋದು ಗೀಡೋದು ಹಿರಿಯರ ಕೈಯಾಗಿರ್ಲಿ” ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಗೊತ್ತಿದ್ದಷ್ಟನ್ನು ಹೇಳಿದರು. ನಾನು ಹೂಂ ಎಂದಿದ್ದರೆ ಆ ಬೀಗದ ಕೈ ನನ್ನ ಜೇಬಿಗೆ ಬರುತ್ತಿತ್ತು. ಮೂರು ವರ್ಷದಿಂದ ತನ್ನ ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟವಳು ನನ್ನ ವಾಕ್ಯಗಳನ್ನು ತಪ್ಪುಗಳ ಸಮೇತ ಕೀಲಿಸುತ್ತಾ ಉಳಿಯುತ್ತಿದ್ದಳು.

ಅವಳನ್ನು ಕರೆದೆ. ಅವಳ ಎದುರಿಗೇ ತಿಪ್ಪೇಸ್ವಾಮಿಯವರಿಗೆ ಹೇಳಿದೆ, ಅವತ್ತಿನ ತಪ್ಪು ನನ್ನದು, ಶೇಕಡಾ ನೂರು ನನ್ನದು ಎಂದು. ಅವರು ನನ್ನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಮುಂದಾಳು ಮಂಜುಳಾ ಆಗಬೇಕು, ಅವಳಿಗೆ ಒಂದು ಒಳ್ಳೆಯ ಬಿರುದನ್ನು ಯೋಚಿಸಿಕೊಂಡು ಬಂದಿದ್ದೇನೆ ಎಂದೆ. ವಾರವೆಲ್ಲ ತಲೆಕೆಡಿಸಿಕೊಂಡು ಹುಡುಕಿದ ಪದವದು: ನೀರುಗಂಟಿ. ಕೆರೆಯ ತೂಬನ್ನು ಕಾಯುವವನು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ಹಾಯಿಸುವವನು. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ, ಆದರೆ ಅವನಿಲ್ಲದೆ ಯಾವ ಗದ್ದೆಯೂ ಇಲ್ಲ. ಇದಕ್ಕಿಂತ ಸುಂದರವಾದ ಪದ ಮುಕ್ತ ತಂತ್ರಾಂಶಕ್ಕೆ ಸಿಕ್ಕೀತೇ ಎಂದು ಕೇಳಿ, ಮೆಚ್ಚುಗೆಗಾಗಿ ಕಾದೆ.

ಮಂಜುಳಾ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ, “ನಮ್ ತಾತ ಭರಮಸಾಗರದ ಕೆರೆಗೆ ನೀರುಗಂಟಿ ಆಗಿದ್ದ ಸಾರ್” ಎಂದಳು. “ನೀರು ಬೇಕಾದಾಗ ಊರೋರೆಲ್ಲ ಅವನ್ನ ಹುಡುಕ್ಕಂಡ್ ಬರೋರು. ಬಂದು ಬೀದೀಲಿ ನಿಂತೇ ಕೂಗೋರು. ಅವನು ಅವರ ಮನೆಗೋದ್ರೆ ಅಂಗಳದಾಗೇ ನಿಲ್ಬೇಕಿತ್ತು, ಕುಂತ್ಕ ಅಂತ ಯಾರೂ ಅಂತಿರ್ಲಿಲ್ಲ. ನಮ್ಮಜ್ಜಿ ಕೊಟ್ಟ ನೀರು ಯಾರೂ ಕುಡೀತಿರ್ಲಿಲ್ಲ ಸಾರ್. ಅವನು ಬಿಟ್ಟ ನೀರಾಗೆ ಬೆಳೆದ ಅನ್ನ ಮಾತ್ರ ಎಲ್ರೂ ಉಣ್ಣೋರು. ನಿಮಗದು ಚೆಂದದ ಪದ. ನಮ್ಮನೇಲಿ ಆ ಪದ ಯಾರೂ ಆಡಲ್ಲ.”

ನಾನು ಭರಮಸಾಗರದಲ್ಲಿ ಆರು ವರ್ಷ ಇದ್ದೆ. ಸಂಜೆ ಕೆರೆ ಏರಿಯ ಮೇಲೆ ಗಾಳಿ ಸೇವಿಸಿದ್ದೇನೆ, ಆ ತೂಬಿನ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೆ. ಅವಳು ನನ್ನ ತರಗತಿಯಲ್ಲಿ ಎರಡು ವರ್ಷ ಕೂತಿದ್ದಳು. ಅವಳ ತಾತ ಯಾರೆಂದು ನನಗೆ ಗೊತ್ತಿರಲಿಲ್ಲ, ಕೇಳಬೇಕೆಂದು ಹೊಳೆದಿರಲೂ ಇಲ್ಲ. ದೂರದಿಂದ ನೋಡುವವನಿಗೆ ಹಳೆಯ ಪದಗಳೆಲ್ಲ ಸುಂದರವಾಗಿಯೇ ಕಾಣುತ್ತವೆ. ಅಂಥದೊಂದು ಪದವನ್ನು, ಹೊತ್ತು ನಡೆದವರನ್ನು ಕೇಳದೆ, ಇನ್ನೊಬ್ಬರ ಕೊರಳಿಗೆ ಹಾಕಲು ಹೊರಟಿದ್ದೆ. “ತಪ್ಪಾಯ್ತಮ್ಮ” ಎಂದೆ. ಆ ದಿನ ಎರಡನೆಯ ಸಲ ನನ್ನ ತಪ್ಪನ್ನು ಒಪ್ಪಿಕೊಂಡದ್ದು. ಮೊದಲ ಸಲಕ್ಕಿಂತ ಕಷ್ಟವಾಯಿತು.

ಅವಳು ಸಣ್ಣಗೆ ನಕ್ಕಳು. “ಬಿಡ್ರಿ ಸಾರ್. ಆದ್ರೆ ಒಂದೈತೆ. ಸರದಿ ಇಲ್ದಿದ್ರೆ ಗೌಡ್ರ ಗದ್ದೆಗೂ ಅವನು ತೂಬು ಎತ್ತುತಿರ್ಲಿಲ್ಲ. ಗೌಡ್ರು ಬೈಯೋರು, ಬೈದು ಸುಮ್ನೆ ಹೋಗೋರು. ನಂಗೂ ಅಷ್ಟ್ ಸಿಕ್ರೆ ಸಾಕು. ಹೆಸರು ನೀವು ಏನಾದ್ರೂ ಇಡ್ರಿ. ನಿಮ್ ಕಡತದಾಗೆ ತಪ್ಪಿದ್ರೆ ವಾಪಸ್ ಕಳಿಸಬೋದಾ, ಅದೊಂದ್ ಹೇಳ್ರಿ.”

“ಮೇಷ್ಟ್ರಿಗೆ ವಾಪಸ್ಸಾ?” ಎಂದು ತಿಪ್ಪೇಸ್ವಾಮಿಯವರು ಬೆಚ್ಚಿದರು.

“ಕಳಿಸಬಹುದು” ಎಂದೆ. “ಕಳಿಸಲೇಬೇಕು.”

ಅಷ್ಟು ಹೊತ್ತೂ ಬಿರುದುಗಳ ಅಂಗಡಿಯನ್ನೇ ತೆರೆದು ಕೂತಿದ್ದ ನಮ್ಮಿಬ್ಬರಲ್ಲಿ ಸರಿಯಾದ ಪದ ಸಿಕ್ಕಿದ್ದು ತಿಪ್ಪೇಸ್ವಾಮಿಯವರಿಗೆ. ಟೋಪಿಯನ್ನು ಮತ್ತೆ ಹಾಕಿಕೊಳ್ಳುತ್ತಾ, “ಹಂಗಾದ್ರೆ ಉಸ್ತುವಾರಿ ಅಂತ ಹಾಕಾಣ. ಮದ್ವೆ ಮನೇಲಿ ಉಗ್ರಾಣದ ಉಸ್ತುವಾರಿ ತಗಂಡೋರ್ನ ನೋಡಿಲ್ವಾ? ಹೆಣ್ಣಾಗ್ಲಿ ಗಂಡಾಗ್ಲಿ, ಬೀಗ್ರೂ ಕೇಳೇ ಒಳಗೋಗ್ಬೇಕು” ಎಂದರು. ಮಂಜುಳಾ ಆ ಪದವನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿಕೊಂಡಳು. ಆಗಬಹುದು ಎಂದಳು. ಅದಕ್ಕೆ ಶಾಸನದ ಆಧಾರವಿಲ್ಲ, ಸಂಸ್ಕೃತದ ಗಾಂಭೀರ್ಯವಿಲ್ಲ, ಯಾರೂ ಅದಕ್ಕೆ ಕೈಮುಗಿಯುವುದಿಲ್ಲ. ಯಾರ ಅಂಗಳವೂ ಅದರಲ್ಲಿ ನೆನಪಾಗುವುದಿಲ್ಲ. ಪತ್ರ ಅಂದೇ ಹೋಯಿತು.

ಮೂರು ದಿನ ಬಿಟ್ಟು ಹಿರಿಯೂರಿನ ಸೈಬರ್ ಕೆಫೆಗೆ ಹೋದಾಗ ಅವಳ ಈಮೇಲು ಬಂದಿತ್ತು. ನಾನು ಬಹಳ ಹೆಮ್ಮೆಯಿಂದ ಕಳಿಸಿದ್ದ ಹೊಸ ಕಡತ ವಾಪಸ್ಸು. ಒಂಬತ್ತು ತಪ್ಪು ಅವೆ ಸಾರ್, ಪಟ್ಟಿ ಕೆಳಗೈತೆ, ತಿದ್ದಿ ಕಳಿಸ್ರಿ ಎಂದು ಎರಡೇ ಸಾಲು. ಮೊದಲು ಬಂದದ್ದು ಸಿಟ್ಟೇ, ಸುಳ್ಳು ಯಾಕೆ ಹೇಳಲಿ. ಹೊರಗೆ ಬಂದು ವೇದಾವತಿಯ ಸೇತುವೆಯವರೆಗೂ ನಡೆದುಹೋದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ, “ಸದ್ಯ! ನಿಮಗೆ ಹೇಳೋರು ಇನ್ನೊಬ್ರು ಸಿಕ್ಕಿದ್ರಲ್ಲ” ಎಂದು ಒಳಗೆ ಹೋದಳು.

ಒಂಬತ್ತರಲ್ಲಿ ಏಳು ನಿಜವಾಗಿಯೂ ತಪ್ಪು. ಎರಡಕ್ಕೆ ವಾದ ಹೂಡಿ ಬರೆದೆ. ಒಂದನ್ನು ಅವಳು ಒಪ್ಪಿಕೊಂಡಳು, ಇನ್ನೊಂದಕ್ಕೆ ಆಗಲ್ಲ ಸಾರ್ ಎಂದಳು. ಅದನ್ನೂ ತಿದ್ದಿ, ಎಲ್ಲ ಶೇಕಡಾ ಗುರುತುಗಳನ್ನೂ ಒಂದೊಂದಾಗಿ ಎಣಿಸಿ ಕಳಿಸಿದೆ. ಮಾರನೆಯ ದಿನ ಕೆಫೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಉತ್ತರದಲ್ಲಿದ್ದುದು ಒಂದೇ ಮಾತು: “ಸೇರಿಸಿದೀನಿ ಸಾರ್.”

ಮೂವತ್ತು ವರ್ಷ ಎಷ್ಟೋ ಮಕ್ಕಳ ಉತ್ತರಗಳ ಪಕ್ಕದಲ್ಲಿ ನಾನು ಸರಿ ಎಂದು ಗುರುತು ಹಾಕಿದ್ದೇನೆ. ಅದು ಸಿಕ್ಕವರಿಗೆ ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಬೆಳಿಗ್ಗೆ.